ಇಡೀ ಸೀಸೆ, ಒಡೆದ ಬಟ್ಟಲು

ಕಾಕ್ಕನಾಡಿನ ನಮ್ಮ ಫ್ಲ್ಯಾಟಿನ ಹಜಾರದಲ್ಲಿ, ಮಗಳ ಚೆಸ್ ಕಪ್ಪುಗಳ ಪಕ್ಕದಲ್ಲಿ ಒಂದು ಪುಟ್ಟ ಗಾಜಿನ ಸೀಸೆ ಇದೆ. ಎತ್ತರ ನನ್ನ ನಡುಬೆರಳಿನಷ್ಟು. ಕತ್ತು ಉದ್ದ, ಹೊಟ್ಟೆ ಸಣ್ಣದು, ಒಂದು ಕಡೆಗೆ ತುಸು ವಾಲಿದೆ. ಬೆಳಕಿಗೆ ಹಿಡಿದರೆ ಮಳೆಗಾಲದ ರಸ್ತೆಯಲ್ಲಿ ಪೆಟ್ರೋಲ್ ಚೆಲ್ಲಿದಾಗ ಕಾಣುವಂಥ ಬಣ್ಣಗಳು. ಸುಗಂಧದ ಎಣ್ಣೆ ಇಡುತ್ತಿದ್ದ ರೋಮನ್ ಕಾಲದ ಸೀಸೆ ಇದು. ಹನ್ನೆರಡು ವರ್ಷದ ಹಿಂದೆ ಆನ್‌ಸೈಟ್‌ಗೆ ಲಂಡನ್ನಿಗೆ ಹೋದಾಗ ಒಂದು ಅಂಗಡಿಯಲ್ಲಿ ಕೊಂಡೆ. ಆಗ ನನ್ನ ಜೇಬಿನಲ್ಲಿದ್ದ ಫೋನಿಗಿಂತ ಇದರ ಬೆಲೆ ಕಡಿಮೆ ಎಂದರೆ ಯಾರೂ ನಂಬುವುದಿಲ್ಲ. ಜೊತೆಗೆ ಒಂದು ಚೀಟಿ ಕೊಟ್ಟರು: ಪೂರ್ವ ಮೆಡಿಟರೇನಿಯನ್, ಕ್ರಿ.ಶ. 1–2ನೇ ಶತಮಾನ, ಹಳೆಯ ಖಾಸಗಿ ಸಂಗ್ರಹದಿಂದ. ಅಷ್ಟೇ. ಯಾರ ಸಂಗ್ರಹ, ಯಾವ ಊರು, ಯಾವ ವರ್ಷ ಅಂತ ಆಗ ನನಗೂ ಕೇಳಬೇಕೆನಿಸಲಿಲ್ಲ.

ನಾನು ಚಿತ್ರದುರ್ಗದವನು. ಚಂದ್ರವಳ್ಳಿಯಲ್ಲಿ ಸಿಕ್ಕ ಮಡಕೆ ಚೂರನ್ನೇ ಬಿಲ್ಲೆ ಮಾಡಿಕೊಂಡು ಕುಂಟೆಬಿಲ್ಲೆ ಆಡಿದವರು ನಾವು. ಅದೇ ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ. ಎಚ್. ಕೃಷ್ಣ ಅಗೆಸಿದ್ದರು, 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಮತ್ತೆ ಅಗೆದಿದ್ದರು, ಅಲ್ಲಿ ರೋಮಿನ ಬೆಳ್ಳಿ ನಾಣ್ಯ ಸಿಕ್ಕಿದೆ ಎಂಬುದೆಲ್ಲ ಆಮೇಲೆ ತಿಳಿದ ವಿಷಯ. ನಾವು ಒದೆಯುತ್ತಿದ್ದ ಬಿಲ್ಲೆಗಳಲ್ಲಿ ಏನೇನಿತ್ತೋ. ಹಳೆಯ ಸಾಮಾನು ಕೂಡಿಡುವ ಚಟ ಅಲ್ಲಿಂದ ಅಂಟಿದ್ದು. ಎಂ.ಟೆಕ್‌ನಲ್ಲಿ ಓದಿದ್ದು ಮೆಟೀರಿಯಲ್ಸ್ ಸೈನ್ಸ್, ಹೊಟ್ಟೆಪಾಡಿಗೆ ಮಾಡುತ್ತಿರುವುದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್. ಆದ್ದರಿಂದ ಗಾಜು ನೋಡಿದರೆ ಕೈಬಿಟ್ಟ ಓದು ನೆನಪಾಗುತ್ತದೆ.

ಕೊಚ್ಚಿಗೆ ವರ್ಗವಾಗಿ ಬಂದ ವರ್ಷ, ಟೀಮಿನ ಒಬ್ಬ ಹುಡುಗ ಸೀಸೆ ನೋಡಿ ನಕ್ಕ. 'ಸಾರೇ, ಇದನ್ನ ಲಂಡನ್ನಿಂದ ತರಬೇಕಿತ್ತಾ? ನಮ್ಮ ಊರಿನ ಹತ್ತಿರ ಮನೆ ಪಾಯ ತೆಗೆದರೆ ಸಿಗತ್ತೆ' ಅಂದ. ಅವನ ಊರು ವಡಕ್ಕನ್ ಪರವೂರು, ಅವನು ಹೇಳಿದ ಜಾಗ ಪಟ್ಟಣಂ.

ಒಂದು ಭಾನುವಾರ ಹೋದೆವು. ಕೊಚ್ಚಿಯಿಂದ ಉತ್ತರಕ್ಕೆ ಒಂದು ಗಂಟೆಯ ದಾರಿ. ಹೆಸರು ಪಟ್ಟಣ, ಊರು ಹಳ್ಳಿ. ತೆಂಗು, ಜಾಯಿಕಾಯಿ ಮರ, ಟೆರೇಸು ಮನೆಗಳು, ಗೇಟಿನಲ್ಲಿ ನಾಯಿ. ಇಲ್ಲೊಂದು ಬಂದರು ಇತ್ತು ಎನ್ನುವುದಕ್ಕೆ ಕಣ್ಣಿಗೆ ಕಾಣುವ ಗುರುತು ಏನೂ ಇಲ್ಲ. ಅಕ್ಕಪಕ್ಕದ ಗದ್ದೆಗಳಿಗಿಂತ ನೆಲ ಒಂದಿಷ್ಟು ಎತ್ತರ, ಅಷ್ಟೆ. ಆ ಎತ್ತರವೇ ಗುರುತು. ಸುಮಾರು 45 ಹೆಕ್ಟೇರ್ ಅಗಲದ ದಿಬ್ಬ ಅದು, ಮೇಲೆ ಜನ ಮನೆ ಕಟ್ಟಿಕೊಂಡಿದ್ದಾರೆ. ಹುಡುಗನ ಸಂಬಂಧಿಕರ ಮನೆಯಲ್ಲಿ ಕಟ್ಟನ್ ಚಾಯ ಕುಡಿದು ಹೊರಡುವಾಗ ಆ ಮನೆಯ ಅಮ್ಮಚ್ಚಿ ಒಳಗಿನಿಂದ ಒಂದು ಬೆಂಕಿಪೊಟ್ಟಣ ತಂದು ಕೈಗಿಟ್ಟರು. 'ಬಾವಿ ತೋಡುವಾಗ ಬಂತು. ಮಗ ಇಟ್ಟಿದ್ದ, ಅವನೀಗ ಗಲ್ಫಿನಲ್ಲಿ. ನಿಮಗೆ ಇಷ್ಟ ಅಂತಲ್ಲ, ಇಟ್ಟುಕೊಳ್ಳಿ ಮೋನೇ.' ಒಳಗೆ ಗಾಢ ನೀಲಿಯ ಒಂದು ಗಾಜಿನ ಚೂರು. ಬೇಡ ಎನ್ನುವ ಬಾಯಿ ನನಗೆ ಬರಲಿಲ್ಲ.

ಮನೆಗೆ ಬಂದು ಹಲ್ಲುಜ್ಜುವ ಬ್ರಷ್ಷಿನಿಂದ ಮೆತ್ತಗೆ ತೊಳೆದೆ. (ಅದೂ ತಪ್ಪಂತೆ. ಮಣ್ಣಿನಲ್ಲೂ ಮಾಹಿತಿ ಇರುತ್ತದಂತೆ.) ಹೊರಮೈಯಲ್ಲಿ ಉಬ್ಬಿದ ಒಂದು ದಿಂಡು, ಒಳಮೈಯಲ್ಲಿ ಉಜ್ಜಿ ನುಣುಪು ಮಾಡಿದ ಗುರುತು, ಕೂದಲೆಳೆಯಂಥ ಎರಡು ಗೆರೆ. ಇಷ್ಟಿದ್ದರೆ ಪರಿಣತರು ದೂರದಿಂದಲೇ ಹೇಳಬಲ್ಲರು, ಇದು ಪಕ್ಕೆಲುಬಿನ ಬಟ್ಟಲು ಎಂದು. ಕ್ರಿ.ಪೂ. 1ನೇ ಶತಮಾನದ ಕೊನೆಯಿಂದ ಕ್ರಿ.ಶ. 1ನೇ ಶತಮಾನದ ಕೊನೆಯವರೆಗೆ ರೋಮನ್ ಸಾಮ್ರಾಜ್ಯದ ಉದ್ದಗಲಕ್ಕೂ ಊಟದ ಮೇಜಿನ ಮೇಲೆ ಇದ್ದ ಬಟ್ಟಲು. ಇದನ್ನು ಊದಿ ಮಾಡುವುದಲ್ಲ. ಬಿಸಿ ಗಾಜನ್ನು ದೋಸೆಯ ಹಾಗೆ ಹರಡಿ, ಮೆತ್ತಗಿರುವಾಗಲೇ ದಿಂಡುಗಳನ್ನು ಒತ್ತಿ ಎಬ್ಬಿಸಿ, ಕವುಚಿದ ಅಚ್ಚಿನ ಮೇಲೆ ಹಾಕಿದರೆ ತನ್ನ ಭಾರಕ್ಕೆ ತಾನೇ ಜೋತು ಬಟ್ಟಲಾಗುತ್ತದೆ. ಅಚ್ಚಿಗೆ ತಾಗಿದ ಒಳಮೈ ಒರಟಾಗುವುದರಿಂದ ಅದನ್ನು ಚಕ್ರದಲ್ಲಿ ಉಜ್ಜಬೇಕು. ಹೊರಗಿನ ದಿಂಡುಗಳಿಗೆ ಬೆಂಕಿಯ ಹೊಳಪು ಹಾಗೇ ಉಳಿಯುತ್ತದೆ. ನೀಲಿ ಬಣ್ಣ ಕೋಬಾಲ್ಟಿನದು.

ಗಾಜು ಊದುವ ವಿದ್ಯೆ ಸಿರಿಯಾ–ಪ್ಯಾಲೆಸ್ತೀನ್ ಕಡೆ ಹುಟ್ಟಿದ್ದು ಕ್ರಿ.ಪೂ. 1ನೇ ಶತಮಾನದಲ್ಲಿ. ಅಲ್ಲಿಯವರೆಗೆ ಗಾಜು ಶ್ರೀಮಂತರ ಸೊತ್ತು. ಕೊಳವೆಯ ತುದಿಗೆ ಗಾಜಿನ ಉಂಡೆ ಅಂಟಿಸಿ ಉಸಿರು ಬಿಟ್ಟರೆ ನಿಮಿಷದಲ್ಲಿ ಒಂದು ಸೀಸೆ ಎಂದಾದ ಮೇಲೆ ಬೆಲೆ ಬಿದ್ದುಹೋಯಿತು. ರೋಮಿನಲ್ಲಿ ಒಂದು ತಾಮ್ರದ ಕಾಸಿಗೆ ಗಾಜಿನ ಲೋಟ ಸಿಗುತ್ತದೆ ಎಂದು ಸ್ಟ್ರಾಬೋ ಬರೆದಿದ್ದಾನೆ. ನಮ್ಮ ಬೀದಿಯಲ್ಲಿ ಹಳೇ ಪೇಪರು, ಖಾಲಿ ಬಾಟಲಿಗೆ ಕೂಗುವವರ ಹಾಗೆ, ಒಡೆದ ಗಾಜಿಗೆ ಗಂಧಕದ ಕಡ್ಡಿ ಕೊಡುವ ಬೀದಿ ವ್ಯಾಪಾರಿ ಮಾರ್ಷಲ್ ಎಂಬ ಕವಿಯ ಪದ್ಯವೊಂದರಲ್ಲಿ ಬರುತ್ತಾನೆ. ಇಟಲಿಯ ಗ್ರಾಡೋ ಹತ್ತಿರ ಮುಳುಗಿದ ಒಂದು ಹಡಗಿನಲ್ಲಿ ಪೀಪಾಯಿ ತುಂಬ ಒಡೆದ ಗಾಜಿತ್ತು, ಕರಗಿಸಲು ಒಯ್ಯುತ್ತಿದ್ದರು. ನನ್ನ ಹಜಾರದ ಸೀಸೆ ಈ ಅಗ್ಗದ ಕಾಲದ ಕೂಸು. ಅದನ್ನು ಊದಿದವನಿಗೆ ಅದು ಆ ದಿನದ ನೂರರಲ್ಲೊಂದು.

ಇಲ್ಲಿಗೆ ಗಾಜು ಬಂದದ್ದು ಹೇಗೆ ಎಂಬುದಕ್ಕೆ ಒಳ್ಳೆಯ ಕಾಗದಪತ್ರ ಇದೆ. ಕ್ರಿ.ಶ. 1ನೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಯಾರೋ ಒಬ್ಬ ವ್ಯಾಪಾರಿ ಗ್ರೀಕ್ ಭಾಷೆಯಲ್ಲಿ ಬರೆದಿಟ್ಟ ಕೈಪಿಡಿ 'ಪೆರಿಪ್ಲಸ್'. ಹೆಸರು ಹಾಕಿಲ್ಲ, ಡಾಕ್ಯುಮೆಂಟೇಶನ್ ಬರೆಯುವವರ ಹಣೆಬರಹ ಆಗಲೂ ಅಷ್ಟೇ. ಮುಝಿರಿಸ್ ಮತ್ತು ನೆಲ್ಕಿಂಡ ಬಂದರುಗಳಿಗೆ ಏನು ಒಯ್ದರೆ ಖರ್ಚಾಗುತ್ತದೆ ಎಂದು ಅವನು ಪಟ್ಟಿ ಕೊಡುತ್ತಾನೆ: ಮುಖ್ಯವಾಗಿ ನಾಣ್ಯ, ಆಮೇಲೆ ಬಟ್ಟೆ, ಹವಳ, ತಾಮ್ರ, ತವರ, ಸೀಸ, ಸ್ವಲ್ಪ ದ್ರಾಕ್ಷಾರಸ, ಜೊತೆಗೆ ಕಚ್ಚಾ ಗಾಜು. ಸಿಂಧೂ ನದಿಯ ಬಾಯಲ್ಲಿದ್ದ ಬಾರ್ಬರಿಕಾನ್ ಬಂದರಿಗೆ ಗಾಜಿನ ಪಾತ್ರೆ ಎಂದು ಬರೆದವನು ಮುಝಿರಿಸ್‌ಗೆ ಬರುವಾಗ ಕಚ್ಚಾ ಗಾಜು ಎನ್ನುತ್ತಾನೆ. ಈ ವ್ಯತ್ಯಾಸ ನನಗೆ ಬಹಳ ದಿನ ತಲೆ ತಿಂದಿತು.

ಉತ್ತರ ಕುಲುಮೆಯಲ್ಲಿದೆ. ಮರಳು ಒಂದನ್ನೇ ಕರಗಿಸಲು ಸುಮಾರು 1,700 ಡಿಗ್ರಿ ಬೇಕು, ಅಂದಿನ ಯಾವ ಒಲೆಗೂ ಅದು ಸಾಧ್ಯವಿರಲಿಲ್ಲ. ಈಜಿಪ್ಟಿನ ವಾದಿ ನಟ್ರೂನಿನ ಸೋಡಾ ಬೆರೆಸಿದರೆ ಸುಮಾರು 1,100ಕ್ಕೆ ಕೆಲಸ ಆಗುತ್ತದೆ. ಆದ್ದರಿಂದ ಈಜಿಪ್ಟ್ ಮತ್ತು ಪ್ಯಾಲೆಸ್ತೀನ್ ತೀರದ ದೊಡ್ಡ ಕುಲುಮೆಗಳಲ್ಲಿ ಗಾಜನ್ನು ಟನ್ನುಗಟ್ಟಲೆ ಕರಗಿಸಿ, ತಣಿದ ಮೇಲೆ ಬೆಲ್ಲದ ಅಚ್ಚು ಒಡೆದ ಹಾಗೆ ಒಡೆದು ಗಟ್ಟಿಗಳನ್ನು ಹಡಗಿಗೆ ಹಾಕುತ್ತಿದ್ದರು. ಕೊಂಡವನು ತನ್ನ ಊರಿನ ಸಣ್ಣ ಒಲೆಯಲ್ಲಿ ಮತ್ತೆ ಕಾಯಿಸಿ ಬೇಕಾದ್ದು ಮಾಡಿಕೊಳ್ಳಬೇಕು. ಹಡಗಿನ ಅಡಿಗೆ ಭಾರವೂ ಆಯಿತು, ಒಡೆಯುವ ಭಯವೂ ಇಲ್ಲ. ನಮ್ಮವರಿಗೆ ಬೇಕಾಗಿದ್ದದ್ದು ಮಣಿ. ಪಟ್ಟಣಂನಲ್ಲಿ ರಾಶಿ ರಾಶಿ ಸಿಕ್ಕಿರುವ ಗಾಜಿನ ಸಣ್ಣ ಮಣಿಗಳ ಜಾತಿಯವನ್ನು ನಮ್ಮ ಕಾಲದಲ್ಲೂ ತಿರುಪತಿ ಹತ್ತಿರದ ಪಾಪಾನಾಯ್ಡುಪೇಟೆಯಲ್ಲಿ ಎಳೆದು ಕತ್ತರಿಸಿ ಮಾಡುತ್ತ ಬಂದಿದ್ದಾರೆ. ಇಲ್ಲಿನವರಿಗೆ ಗಾಜು ಮಾಡಲು ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಭಾರತದ ಗಾಜಿಗೆ ಸಾಟಿಯಿಲ್ಲ, ಅವರು ಸ್ಫಟಿಕದ ಚೂರು ಕರಗಿಸಿ ಮಾಡುತ್ತಾರೆ ಎಂದು ಪ್ಲಿನಿಯೇ ಬರೆದಿದ್ದಾನೆ. ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನುಂಗುತ್ತದೆ ಎಂದು ಗೊಣಗಿದವನೂ ಇವನೇ. ಕಾರಣ ತಪ್ಪಿರಬಹುದು, ಮೆಚ್ಚುಗೆ ಮಾತ್ರ ನಿಜ. ಲ್ಯಾಬಿನಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ: ನಮ್ಮ ನೆಲದ ಬಹುಪಾಲು ಗಾಜಿನಲ್ಲಿ ಅಲ್ಯೂಮಿನಾ ಜಾಸ್ತಿ, ಮೆಡಿಟರೇನಿಯನ್ ಗಾಜಿನಲ್ಲಿ ಕಡಿಮೆ.

ಇನ್ನೊಂದು ಕಾಗದ ವಿಯೆನ್ನಾದಲ್ಲಿದೆ. ಕ್ರಿ.ಶ. 2ನೇ ಶತಮಾನದ ಪಪೈರಸ್, 1985ರಲ್ಲಿ ಪ್ರಕಟವಾಯಿತು. ಒಂದು ಕಡೆ ಮುಝಿರಿಸ್ ವ್ಯಾಪಾರಕ್ಕೆ ಮಾಡಿದ ಸಾಲದ ಕರಾರು, ಹಿಂಬದಿಯಲ್ಲಿ ಹರ್ಮಪೊಲ್ಲೋನ್ ಎಂಬ ಹಡಗಿನ ಸರಕಿನ ಲೆಕ್ಕ. ಸುಂಕ ಕಳೆದು ಉಳಿದ ಸರಕಿನ ಬೆಲೆ ಸುಮಾರು 70 ಲಕ್ಷ ಸೆಸ್ಟರ್ಸ್. ಒಂದೇ ಹಡಗು! ಬಂದರಿನಿಂದ ಹೊರಟ ಸರಕು ಯಾರ ಸುಪರ್ದಿಯಲ್ಲಿ, ಮುದ್ರೆ ಯಾರದು, ಸಾಲ ತೀರಿಸದಿದ್ದರೆ ಏನು ಎಂಬುದೆಲ್ಲ ಅದರಲ್ಲಿದೆ. ನಮ್ಮ ಎಷ್ಟೋ ವೆಂಡರ್ ಕಾಂಟ್ರ್ಯಾಕ್ಟುಗಳಿಗಿಂತ ಚೊಕ್ಕ.

ಇಷ್ಟೆಲ್ಲ ದಾಖಲೆ ಇದ್ದೂ ಮುಝಿರಿಸ್ ಎಲ್ಲಿ ಎಂಬುದು ಮಾತ್ರ ಬಹುಕಾಲ ಪತ್ತೆ ಇರಲಿಲ್ಲ. ಕೊಡುಂಗಲ್ಲೂರು ಎಂದೇ ನಂಬಿದ್ದರು, ಅಲ್ಲಿ ಅಗೆದವರಿಗೆ ಅಷ್ಟು ಹಳೆಯದು ಸಿಗಲಿಲ್ಲ. ಪೆರಿಯಾರ್ ನದಿ ಪಾತ್ರ ಬದಲಿಸಿರಬಹುದು ಎಂಬ ಜಾಡು ಹಿಡಿದು ಬಂದ ಭೂವಿಜ್ಞಾನಿ ಕೆ. ಪಿ. ಶಾಜನ್ ಅವರ ಕಣ್ಣಿಗೆ ಪಟ್ಟಣಂನ ಅಂಗಳಗಳಲ್ಲಿ ಬಿದ್ದಿದ್ದ ಮಡಕೆ ಚೂರುಗಳು ಬಿದ್ದವು. 2004ರಲ್ಲಿ ಸಣ್ಣ ಪರೀಕ್ಷಾ ಉತ್ಖನನ ನಡೆಯಿತು. 2007ರಿಂದ ಪಿ. ಜೆ. ಚೆರಿಯನ್ ನೇತೃತ್ವದಲ್ಲಿ ಕೇರಳ ಇತಿಹಾಸ ಸಂಶೋಧನಾ ಪರಿಷತ್ತು ವರ್ಷ ವರ್ಷ ಅಗೆಯಿತು. ಸಿಕ್ಕಿದ್ದು: ದ್ರಾಕ್ಷಾರಸದ ಆಂಫೋರಾ ಜಾಡಿಗಳ ಚೂರು, ಇಟಲಿಯ ಕೆಂಪು ಮಡಕೆ, ಪಶ್ಚಿಮ ಏಷ್ಯಾದ ಹಸಿರುನೀಲಿ ಮೆರುಗಿನ ಮಡಕೆ, ಧೂಪದ ತುಣುಕು, ಮೆಣಸಿನ ಕಾಳು, ಕೆತ್ತಿದ ಹರಳು, ಅವುಗಳ ನಡುವೆ ಪಕ್ಕೆಲುಬಿನ ಬಟ್ಟಲಿನ ಚೂರುಗಳು. ಕೆಸರಿನಲ್ಲಿ ಆರು ಮೀಟರ್ ಉದ್ದದ ಒಂದು ದೋಣಿ, ಅದನ್ನು ಕಟ್ಟುತ್ತಿದ್ದ ತೇಗದ ಗೂಟಗಳು. ದೋಣಿ ಆಂಜಿಲಿ ಮರದ್ದು, ನಮ್ಮ ಮಲೆನಾಡಿನವರು ಹೆಬ್ಬಲಸು ಎನ್ನುವುದು ಅದನ್ನೇ.

ಇದೇ ಮುಝಿರಿಸ್ ಎಂದು ಎಲ್ಲ ಇತಿಹಾಸಕಾರರೂ ಒಪ್ಪಿಲ್ಲ, ಜಗಳ ಇನ್ನೂ ಇದೆ. 'ಇದೇ ಮುಝಿರಿಸ್' ಎಂದು ಬರೆದ ಫಲಕವೇನೂ ಸಿಕ್ಕಿಲ್ಲವಲ್ಲ. ನನಗೆ ಕೇಳಿದರೆ, ರೋಮ್ ಜೊತೆ ದೊಡ್ಡ ವ್ಯಾಪಾರ ಇದ್ದ ಬಂದರು ಇದು ಎನ್ನುವುದಕ್ಕೆ ಸಾಕ್ಷಿ ಧಾರಾಳ. ಹೆಸರು ಆಮೇಲಿನ ಮಾತು.

ಬಟ್ಟಲಿನ ಮಾತು ಬಂದಾಗ ನಮ್ಮ ಭಾಷೆಯ ಒಂದು ಕಥೆ ಬಿಡಲಾರೆ. ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ರಾಶಿಯಲ್ಲಿ ಸಿಕ್ಕ ಪಪೈರಸ್‌ಗಳಲ್ಲಿ 413ನೆಯದು ಒಂದು ಗ್ರೀಕ್ ಪ್ರಹಸನ, ಪ್ರಕಟವಾದದ್ದು 1903ರಲ್ಲಿ. ಖಾರಿಟಿಯೋನ್ ಎಂಬ ಗ್ರೀಕ್ ಹುಡುಗಿ ಭಾರತದ ಯಾವುದೋ ತೀರದಲ್ಲಿ ರಾಜನೊಬ್ಬನ ಕೈಗೆ ಸಿಕ್ಕಿದ್ದಾಳೆ. ಅವಳ ಕಡೆಯವರು ಬಂದು ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಮೈಮರೆತಾಗ ಹಡಗು ಹತ್ತಿ ಓಡುತ್ತಾರೆ. ರಾಜ ಮತ್ತು ಅವನ ಜನ ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಎಂದು ಮೊದಲು ಸೂಚಿಸಿದವರು ಶಾಸನತಜ್ಞ ಹುಲ್ಟ್ಷ್. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ನಮ್ಮ ಶಾಮಶಾಸ್ತ್ರಿಗಳು ಅದನ್ನು ಮುಂದುವರಿಸಿದರು, ಮಂಜೇಶ್ವರದ ಗೋವಿಂದ ಪೈಗಳೂ ಅದರ ಬಗ್ಗೆ ಬರೆದರು. ಅವರ ಓದಿನ ಪ್ರಕಾರ ಅಲ್ಲಿನ ಒಂದು ಮಾತಿನ ಅರ್ಥ, ಸ್ವಲ್ಪ ಮದ್ಯವನ್ನು ಬೇರೆಯಾಗಿ ಪಾತ್ರೆಗೆ ಹಾಕುವುದು. ಒಪ್ಪದ ವಿದ್ವಾಂಸರೂ ಇದ್ದಾರೆ, ಗ್ರೀಕ್ ಲಿಪಿಕಾರ ಕೇಳಿಸಿದ್ದನ್ನು ಗೀಚಿದ್ದರಲ್ಲಿ ಯಾವ ಭಾಷೆ ಬೇಕಾದರೂ ಕಾಣಬಹುದು ಎನ್ನುತ್ತಾರೆ. ನಾನು ಈ ವಿಷಯದಲ್ಲಿ ಪಕ್ಷಪಾತಿ. ನೀಲಿ ಚೂರನ್ನು ಕೈಯಲ್ಲಿ ಹಿಡಿದಾಗಲೆಲ್ಲ, ಆ ಹಾಕಿದ ಪಾತ್ರೆ ಗಾಜಿನದೇ ಇದ್ದಿರಬೇಕು ಅಂದುಕೊಳ್ಳುತ್ತೇನೆ. ಪುರಾವೆ ಕೇಳಬೇಡಿ.

ಕೆಲಸದ ಮೇಲೆ ತಿಂಗಳಿಗೊಮ್ಮೆ ತಿರುವನಂತಪುರಕ್ಕೆ ಹೋಗುತ್ತೇನೆ. ರೋಮಿನ ವಸ್ತು ಸಂಗ್ರಹಿಸುವ ಹುಚ್ಚು ಆ ಊರಿಗೆ ನನಗಿಂತ ಹಳೆಯದು. 1847ರಲ್ಲಿ ಕಣ್ಣೂರಿನ ಕಡೆ ಕೋಟ್ಟಯಂ ಎಂಬಲ್ಲಿ (ರಬ್ಬರ್ ಸೀಮೆಯ ಕೋಟ್ಟಯಂ ಅಲ್ಲ) ರೋಮಿನ ಚಿನ್ನದ ನಾಣ್ಯಗಳ ದೊಡ್ಡ ನಿಧಿ ಸಿಕ್ಕಿತು. ಸಿಕ್ಕವರಿಗೆ ಅದು ಬರಿಯ ಚಿನ್ನ. ಅಪ್ಪಟ ಬಂಗಾರ ಎಂದು ಸುದ್ದಿಯಾದದ್ದೇ ತಡ, ಅಕ್ಕಸಾಲಿಗರ ಮೂಸೆಗೆ ಎಷ್ಟೋ ಹೋಯಿತು, ಎಷ್ಟೋ ಕೈಯಿಂದ ಕೈಗೆ ಚದುರಿತು. ಒಂದಿಷ್ಟು ತಿರುವಾಂಕೂರು ಮಹಾರಾಜರ ಸಂಗ್ರಹಕ್ಕೆ ಬಂದು ಉಳಿಯಿತು. ದ್ರಾವಿಡ ಭಾಷೆಗಳ ವ್ಯಾಕರಣದಿಂದ ನಮಗೆಲ್ಲ ಗೊತ್ತಿರುವ ರಾಬರ್ಟ್ ಕಾಲ್ಡ್‌ವೆಲ್ ಆ ನಾಣ್ಯಗಳ ವಿವರಣೆಯನ್ನು 1851ರಲ್ಲಿ ಪ್ರಕಟಿಸಿದರು. ಉಳಿದದ್ದು ನಾಣ್ಯಕ್ಕಿಂತ ಹೆಚ್ಚಾಗಿ ಆ ಬರಹ. ಯಾವ ಚಕ್ರವರ್ತಿಯದು, ಯಾವ ಮುದ್ರೆ ಎಂದು ಒಬ್ಬ ಮನುಷ್ಯ ಕುಳಿತು ಬರೆದ ಕಾರಣಕ್ಕೆ ಇವತ್ತು ನಾವು ಅದರ ಕಾಲ ಹೇಳಬಲ್ಲೆವು. ಮೂಸೆಗೆ ಬಿದ್ದವುಗಳ ವಿಷಯದಲ್ಲಿ ಏನು ಹೇಳುವುದು?

ಪರಿಷತ್ತಿನ ಕಚೇರಿ ಇರುವುದೂ ಅದೇ ಊರಿನಲ್ಲಿ, ವೈಲೋಪ್ಪಿಳ್ಳಿ ಸಂಸ್ಕೃತಿ ಭವನದಲ್ಲಿ. ಕಳೆದ ವರ್ಷ ಮೀಟಿಂಗೊಂದು ರದ್ದಾದ ಮಧ್ಯಾಹ್ನ, ಪುರಾತತ್ವ ಓದುತ್ತಿದ್ದ ಪರಿಚಯದ ಹುಡುಗಿಯೊಬ್ಬಳ ಜೊತೆ ಕ್ಯಾಂಟೀನಿನಲ್ಲಿ ಕೂತು ನನ್ನ ಸೀಸೆಯ ಫೋಟೋ ಹೆಮ್ಮೆಯಿಂದ ತೋರಿಸಿದೆ. ಅವಳು ದೊಡ್ಡದು ಮಾಡಿ ನೋಡಿದಳು. 'ಚೆನ್ನಾಗಿದೆ ಅಂಕಲ್. ಇಡೀ ಇದೆಯಲ್ಲ, ಸಮಾಧಿಯದ್ದೇ ಇರಬೇಕು' ಅಂದಳು.

ಎಷ್ಟು ಸರಳ ತರ್ಕ. ಮನೆಯಲ್ಲಿ, ಬಂದರಿನಲ್ಲಿ, ಬೀದಿಯಲ್ಲಿ ಬಳಸಿದ ಗಾಜು ಒಡೆಯುತ್ತದೆ. ಒಡೆದದ್ದು ಕುಲುಮೆಗೆ ಹೋಗುತ್ತದೆ ಇಲ್ಲವೇ ಕಸಕ್ಕೆ. ಎರಡು ಸಾವಿರ ವರ್ಷ ಒಡೆಯದೆ ಉಳಿಯಬೇಕಾದರೆ ಯಾರೂ ಮುಟ್ಟದ ಜಾಗದಲ್ಲಿ ಇರಬೇಕು. ಸತ್ತವರ ಪಕ್ಕದಲ್ಲಿ ಸುಗಂಧದ ಸೀಸೆ ಇಡುವ ಪದ್ಧತಿ ರೋಮಿನವರಲ್ಲಿ ಇತ್ತು. ನಾನು ಮೆಚ್ಚಿ ಕೊಂಡ ಆ ಕಾಮನಬಿಲ್ಲಿನ ಬಣ್ಣವೂ ಮಣ್ಣಿನದೇ ಕೆಲಸ: ತೇವಕ್ಕೆ ಗಾಜಿನ ಮೇಲ್ಮೈಯಿಂದ ಸೋಡಾ ಸೋರಿಹೋಗಿ, ಈರುಳ್ಳಿ ಸಿಪ್ಪೆಯಂತೆ ತೆಳು ಪದರಗಳಾಗಿ, ಪದರಗಳ ನಡುವೆ ಬೆಳಕು ಸಿಕ್ಕಿ ಒಡೆಯುವುದರಿಂದ ಬರುವ ಬಣ್ಣ. ಮೆಟೀರಿಯಲ್ಸ್ ಓದಿದ ನನಗೆ ಇದು ಗೊತ್ತಿತ್ತು. ಅದು ಯಾರ ಪಕ್ಕದಲ್ಲಿ ಮಲಗಿ ಸಂಪಾದಿಸಿದ ಬಣ್ಣ ಎಂದು ಯೋಚಿಸಿರಲಿಲ್ಲ. 19ನೇ ಶತಮಾನದಲ್ಲಿ ಯೂರೋಪ್, ಅಮೆರಿಕದವರಿಗೆ ಈ ಬಣ್ಣದ ಹುಚ್ಚು ಹತ್ತಿ, ಟೈರ್, ಸಿಡಾನ್ ಸುತ್ತಮುತ್ತಲ ಗೋರಿಗಳನ್ನು ಜನ ಸೀಸೆಗಾಗಿ ತೋಡಿದರು. ನ್ಯೂಯಾರ್ಕಿನ ಟಿಫನಿ ಹೊಸ ಗಾಜಿಗೇ ಆ ಬಣ್ಣ ಬರಿಸಿ ಮಾರಿದ. ಅವನ ದಾರಿಯೇ ವಾಸಿ.

ಎಲ್ಲ ಸಂಗ್ರಾಹಕರೂ ಕಳ್ಳರು ಎಂದು ನಾನು ಹೇಳಲಾರೆ. ಸರ್ ವಿಲಿಯಂ ಹ್ಯಾಮಿಲ್ಟನ್ ಕೊಂಡು ತಂದದ್ದರಿಂದಲೇ ಪೋರ್ಟ್‌ಲ್ಯಾಂಡ್ ಹೂದಾನಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದದ್ದು (1845ರಲ್ಲಿ ಅಲ್ಲೇ ಒಬ್ಬ ಕುಡುಕ ಅದನ್ನು ಚೂರುಚೂರು ಮಾಡಿದ, ಅದು ಬೇರೆ ಮಾತು). ಆದರೆ ಕಾಬೂಲಿನ ಉತ್ತರಕ್ಕೆ ಬೆಗ್ರಾಮಿನಲ್ಲಿ 1937 ಮತ್ತು 1939ರಲ್ಲಿ ಫ್ರೆಂಚರು ಅಗೆದಾಗ ಸಿಕ್ಕ ಬಣ್ಣದ ರೋಮನ್ ಗಾಜಿನ ಲೋಟಗಳನ್ನು ನೋಡಿ. ಮುಚ್ಚಿಟ್ಟ ಕೋಣೆಯಲ್ಲಿ ಭಾರತದ ದಂತದ ಕೆತ್ತನೆ, ಚೀನಾದ ಅರಗಿನ ಪಾತ್ರೆಗಳ ಜೊತೆ ಅವು ಇದ್ದವು ಎಂಬುದು ಗೊತ್ತಿರುವುದರಿಂದಲೇ ಅವು ಒಂದು ಇಡೀ ವ್ಯಾಪಾರದ ಕಥೆ ಹೇಳುತ್ತವೆ. ನನ್ನ ಸೀಸೆ ಹೇಳುವುದು ಆ ಚೀಟಿಯಲ್ಲಿದ್ದಷ್ಟನ್ನೇ.

ಆಗ ಬೆಂಕಿಪೊಟ್ಟಣದ ವಿಷಯ ಬಾಯಿ ಬಿಟ್ಟೆ. ಹುಡುಗಿಯ ಮುಖ ಬದಲಾಯಿತು. ನೆಲದಿಂದ ಬಂದ ಹಳೆಯ ವಸ್ತು ಹತ್ತು ರೂಪಾಯಿ ಮೀರಿದರೆ ಸರ್ಕಾರಕ್ಕೆ ತಿಳಿಸಬೇಕೆಂದು 1878ರ ನಿಧಿ ಕಾನೂನಿನಲ್ಲೇ ಇದೆ. ನೂರು ವರ್ಷ ದಾಟಿದ ಇಂಥ ವಸ್ತುವನ್ನು ದೇಶದ ಹೊರಗೆ ಒಯ್ಯುವುದು 1972ರ ಕಾನೂನಿನ ಪ್ರಕಾರ ಅಪರಾಧ. ಆದರೆ ಅವಳು ಕಾನೂನು ಮಾತಾಡಲಿಲ್ಲ. 'ಎಷ್ಟು ಆಳದಲ್ಲಿ ಸಿಕ್ಕಿತು ಅಂಕಲ್?' ಅಂದಳು. ಗೊತ್ತಿಲ್ಲ. 'ಜೊತೆಗೆ ಮಡಕೆ ಇತ್ತಾ? ಮಣ್ಣು ಕಪ್ಪಾ, ಮರಳಾ?' ಗೊತ್ತಿಲ್ಲ. ಆಫೀಸಿನಲ್ಲಿ ಯಾವನಾದರೂ ಲಾಗ್ ಇಲ್ಲದೆ ಬಗ್ ತಂದರೆ ನಾನು ಹೇಗೆ ನೋಡುತ್ತೇನೋ ಹಾಗೆ ನೋಡಿದಳು.

ಮುಂದಿನ ತಿಂಗಳು ಪೊಟ್ಟಣ ತೆಗೆದುಕೊಂಡು ಹೋದೆ. ಮಗಳಿಗೆ ಸಿಟ್ಟು, ಅವಳು ಅದನ್ನು ಶಾಲೆಗೆ ಒಯ್ದು ತೋರಿಸುವವಳಿದ್ದಳು. ಸಂಬಂಧಪಟ್ಟವರಿಗೆ ಒಪ್ಪಿಸುವ ಮೊದಲು, ಹುಡುಗಿಯ ಎದುರೇ ಪಟ್ಟಣಂಗೆ ಫೋನ್ ಮಾಡಿದೆ. ನನ್ನ ಹರಕು ಮಲಯಾಳಂನಲ್ಲಿ ಅಮ್ಮಚ್ಚಿಗೆ ಕೇಳಿದ್ದು ಇಷ್ಟೇ: ಬಾವಿ ತೋಡುವಾಗ ಎಷ್ಟು ಆಳಕ್ಕೆ ಅದು ಬಂತು? ಅವರು ನಕ್ಕರು. ಆಮೇಲೆ ಮಗನಿಗೆ ಗಲ್ಫಿಗೆ ಫೋನ್ ಮಾಡಿ ಕೇಳಿ ಅರ್ಧ ಗಂಟೆಯಲ್ಲಿ ತಿರುಗಿ ಫೋನ್ ಮಾಡಿದರು. ಸಿಮೆಂಟಿನ ರಿಂಗು ಇಳಿಸುತ್ತಿದ್ದಾಗ, ಐದನೇ ರಿಂಗಿನ ಹತ್ತಿರ, ಕಪ್ಪು ಮಣ್ಣಿನಲ್ಲಿ, ಜೊತೆಗೆ ದಪ್ಪ ಕೆಂಪು ಓಡು ಬಹಳ ಇತ್ತಂತೆ, ಅದನ್ನೆಲ್ಲ ದಾರಿಗೆ ಹಾಕಿ ತುಳಿದರಂತೆ.

ಹುಡುಗಿ ಬರೆದುಕೊಳ್ಳುತ್ತ 'ಒಂದು ರಿಂಗು ಎಷ್ಟು ಅಡಿ, ಕೇಳಿ' ಎಂದು ಸನ್ನೆ ಮಾಡಿದಳು. ಅತ್ತ ಅಮ್ಮಚ್ಚಿ ಆಗಲೇ ಅಂಗಳಕ್ಕೆ ಇಳಿದು, ಬಾವಿಕಟ್ಟೆಯ ಹತ್ತಿರ ಗೇಣು ಹಾಕಿ ಅಳೆಯುತ್ತಿದ್ದರು. ಅವರ ಎಣಿಕೆ ಫೋನಿನಲ್ಲಿ ಕೇಳಿಸುತ್ತಿತ್ತು.